ಯಾಕೂತಮ್ಮನ ಗೋರಿ

ತಿಝ್ಗಿ, ಸೂಸ್ ಕಣಿವೆ
ಮಾರ್ಚ್ ೧೨, ೧೯೯೮

ನನ್ನ ಫ್ರೇಹಾ,

ಹೇಗಿದ್ದೀಯೆ? ಹೈಫಾದ ಚಳಿಗೆ ಮಂಡಿನೋವು ಜಾಸ್ತಿಯಾಯಿತೇ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೋ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ಎದ್ದುಬಿಡುತ್ತಿದ್ದೆ.

ಬಾದಾಮಿ ಈ ಸಲ ಬೇಗ ಹೂಬಿಟ್ಟಿದೆ. ನನ್ನ ಗಂಡನ ಇನ್ನೊಂದು ಹಲ್ಲು ಬಿತ್ತು. ರೊಟ್ಟಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಾ ನನ್ನ ಅಡುಗೆಯನ್ನೇ ದೂರುತ್ತಾನೆ.

ನಿಮ್ಮವರ ಸ್ಮಶಾನಕ್ಕೆ ಕೊನೆಗೂ ಗೋಡೆ ಬರುತ್ತಿದೆ. ಇಷ್ಟು ವರ್ಷ ಮುಳ್ಳುಬೇಲಿ ಕಟ್ಟಿ ಆಡು ಓಡಿಸಿದವಳು ನಾನು, ಕುಣಿಯಬೇಕಿತ್ತು. ಆದರೆ ನಗರದಲ್ಲಿರುವ ನಿಮ್ಮ ಯಹೂದಿ ಸಮಿತಿ ಕಳಿಸಿದ ಇಂಜಿನಿಯರ್ ಎಳೆಸಿದ ಸುಣ್ಣದ ಗೆರೆ ಹಳ್ಳದ ಕಡೆ ಒಳಕ್ಕೆ ಬಾಗಿತ್ತು. ನಿನ್ನ ಅಮ್ಮ, ನಮ್ಮ ಯಾಕೂತಮ್ಮ, ಗೆರೆಯ ಆಚೆ! ಗೋಡೆಯ ಆಸರೆ ಇಲ್ಲದಿದ್ದರೆ ಆ ದಂಡೆ ಮುಂದಿನ ನೆರೆಗೇ ಕುಸಿಯುತ್ತದೆ.

ಹೋಗಿ ಗೆರೆಯ ಮೇಲೆ ಕೂತೆ.

"ಏಳಮ್ಮ, ಕೆಲಸ ನಿಂತಿದೆ," ಅಂದ ಇಂಜಿನಿಯರ್.

"ಗೆರೆ ಆಚೆ ಸರಿಸಪ್ಪ, ಏಳ್ತೀನಿ."

"ಅದು ಯಹೂದಿ ಹೆಂಗಸಿನ ಗೋರಿ. ನೀವು ಮುಸ್ಲಿಮರು. ನಿಮಗವಳು ಏನಾಗ್ಬೇಕು?"

"ತಾಯಿ."

ಅವನು ನಕ್ಕ. "ಬಿಸಿಲು ತಲೆಗೆ ಹತ್ತಿದೆ. ಯಾರಾದ್ರೂ ನೀರು ಕೊಡ್ರಪ್ಪ."

"ನಿನ್ನ ನೀರು ನೀನೇ ಕುಡಿ. ನನ್ನ ಹೆತ್ತವಳಿಗೆ ಬಾಣಂತಿ ಜ್ವರ ಬಂದು ಎದೆ ಬತ್ತಿದಾಗ ಈಕೆ ಒಂದು ಮಗ್ಗುಲಿಗೆ ತನ್ನ ಮಗಳು ಫ್ರೇಹಾನ್ನ, ಇನ್ನೊಂದು ಮಗ್ಗುಲಿಗೆ ನನ್ನ ಹಾಕ್ಕೊಂಡು ಹಾಲು ಕೊಟ್ಟಳು. ಊರಲ್ಲಿ ಯಾರನ್ನಾದ್ರೂ ಕೇಳ್ಕೋ ಹೋಗು."

ಮೇಸ್ತ್ರಿ ಬ್ರಾಹಿಂ ಕರಣೆ ಕೆಳಗಿಟ್ಟ. "ಸಾಹೇಬ್ರೆ, ನಮ್ಮ ಧರ್ಮದ ಪ್ರಕಾರ ಹಾಲು ಕುಡಿದ ಮೇಲೆ ಆ ಮನೆ ಗಂಡುಮಕ್ಕಳು ಈ ಅಕ್ಕನಿಗೆ ಒಡಹುಟ್ಟಿದವರ ಲೆಕ್ಕ, ಮದುವೆ ಕೂಡ ಆಗೋ ಹಾಗಿಲ್ಲ. ಅಂಥದ್ರಲ್ಲಿ ತಾಯಿ ಅಲ್ಲ ಅನ್ನೋಕಾಗುತ್ತಾ? ತಾಯಿನ ಆಚೆ ಹಾಕಿ ಗೋಡೆ ಕಟ್ಟೋದು ನಮ್ಮ ಕೈಲಾಗಲ್ಲ. ನೀವೇ ಕಟ್ಕೊಳ್ಳಿ."

ಉಳಿದವರೂ ಸಲಿಕೆ ಬಿಸಾಕಿ ಚಹಾಕ್ಕೆ ಬೆಂಕಿ ಹಾಕಿದರು. ಇಂಜಿನಿಯರ್ ಸಂಜೆಯವರೆಗೆ ಜೀಪಿನಲ್ಲಿ ಕೂತು ಬೆವರಿದ. ಮರುದಿನ ಅವನೇ ಹಳ್ಳದಂಚಿಗೆ ಹೊಸ ಗೆರೆ ಎಳೆಸಿದ. ಈಗ ಅಲ್ಲಿ ಗೋಡೆ ನನ್ನ ಎದೆಮಟ್ಟ ಎದ್ದಿದೆ. ಮೂಲೆಗಲ್ಲು ನಾನೇ ಇಟ್ಟೆ, ಯಾರನ್ನೂ ಕೇಳಲಿಲ್ಲ.

ಮೊಮ್ಮಕ್ಕಳ ಹಣೆಗೆ ನನ್ನ ಮುತ್ತು. ನಿನ್ನ ಮನೆಯ ಒಲೆ ಆರದಂತೆ ದೇವರು ಕಾಯಲಿ.

ನಿನ್ನ ಹಾಲಿನ ತಂಗಿ,
ತೂದಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಗೆರೆ ಯಾಕೆ ಬಾಗಿತ್ತೆಂದು ಇಂಜಿನಿಯರ್ ಹೊರಡುವಾಗ ಹೇಳಿದ: "ಅವರ ಮಗಳೇ ಸಮಿತಿಗೆ ಹೇಳಿದಾರಮ್ಮ, ಮೂಳೆ ತೆಗೆಸಿ ಹೈಫಾಕ್ಕೆ ಒಯ್ತಾರಂತೆ. ಖಾಲಿ ಗುಂಡಿಗೆ ಗೋಡೆ ಯಾಕೆ ಅಂದ್ಕೊಂಡ್ವಿ." ಫ್ರೇಹಾ, ನಿಮ್ಮವರೆಲ್ಲ ಊರು ಬಿಟ್ಟು ಬಸ್ಸು ಹತ್ತುವ ದಿನ ಇದೇ ಗೋರಿಯ ಮುಂದೆ ನನ್ನ ಕೈ ಹಿಡಿದು "ಅಮ್ಮನ್ನ ನೋಡ್ಕೋ" ಅಂದವಳು ನೀನು. ನೋಡಿಕೊಂಡೆ. ಒಯ್ಯುವ ಮಾತು ನೀನು ಸಮಿತಿಗೆ ಹೇಳಿದೆ, ನನಗೆ ಕಳಿಸಿದ ಕಾಗದದಲ್ಲಿ ಅದರ ಒಂದು ಸಾಲೂ ಬರೆಯಲಿಲ್ಲ. ಬರೆದಿದ್ದರೂ ಬೇಡವೆನ್ನುತ್ತಿದ್ದೆ. ಬಾ, ಅವಳ ಪಕ್ಕ ಕೂತು ಅಳು, ನನ್ನ ಮನೆಯಲ್ಲಿ ಉಣ್ಣು. ಅಗೆಯಲು ಮಾತ್ರ ಬಿಡುವುದಿಲ್ಲ.