ಮೆಟ್ಟಿಲು ಒಡೆದ ಶನಿವಾರ

ಮನೆಯಿಂದ,
ಜೂನ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮನೆಯೊಡತಿಗೆ,

ಬಾಣಂತಿ ಹೇಗಿದ್ದಾಳೆ? ಮೊಮ್ಮಗಳು ನಿದ್ದೆ ಮಾಡುತ್ತಾಳೋ, ಇಲ್ಲ ಅಜ್ಜಿಯ ಹಾಗೆ ಕಣ್ಣು ಬಿಟ್ಟುಕೊಂಡು ಊರ ಚಿಂತೆಯೆಲ್ಲ ಮಾಡುತ್ತಾಳೋ? ನಿನ್ನ ಕೆಮ್ಮು ಇಳಿಯಿತೇ? ನಾನು ಚೆನ್ನಾಗಿದ್ದೇನೆ, ಅಡಿಗೆ ಎರಡು ಸಲ ತಳ ಹಿಡಿಯಿತು, ಅಷ್ಟೇ.

ಚರ್ಚಿನ ಮುಂದಿನ ಮೆಟ್ಟಿಲು ಒಡೆದಾಯಿತು. ಒಡೆದವನು ನಾನೇ. ನಗಬೇಡ. ನಮ್ಮಪ್ಪ ಕೈಯಾರೆ ಕಟ್ಟಿದ ಆ ಆರು ಮೆಟ್ಟಿಲುಗಳ ಒಂದು ಬದಿ ಒಡೆದು ಗಾಲಿಕುರ್ಚಿಗೆ ಇಳಿಜಾರು ದಾರಿ ಮಾಡಬೇಕೆಂದು ಕಮಿಟಿ ಹೇಳಿದಾಗ ಕುಣಿದಾಡಿದವನೂ ನಾನೇ, ನೀನೇ ನೋಡಿದ್ದೀಯಲ್ಲ. "ಕಲ್ಲು ಮುಟ್ಟಿದವ್ರ ಕೈ ಮುರೀತೀನಿ" ಅಂದೆ. ಎಲೆಕ್ಟ್ರಿಷಿಯನ್ ಕರೆಂಟಣ್ಣ ಎದ್ದು, "ನಿಮ್ಮಪ್ಪ ಮೆಟ್ಟಿಲು ಕಟ್ಟಿದ್ದು ಜನ ಒಳಗೆ ಬರ್ಲಿ ಅಂತ ಕಣೋ, ಹೊರಗೆ ನಿಲ್ಲಲಿ ಅಂತಲ್ಲ" ಅಂದ. ಆಮೇಲೆ ಮೂರು ತಿಂಗಳು ಅವನು ಈ ಬೆಂಚಾದರೆ ನಾನು ಆ ಬೆಂಚು. ಪಾಸ್ಟರು ಪ್ರೀತಿ, ತಾಳ್ಮೆ, ದೀನತೆ ಅಂತ ವಾರವಾರವೂ ಬೋಧಿಸಿದರು. ಅದೆಲ್ಲ ಅವನಿಗೇ ಹೇಳುತ್ತಿದ್ದಾರೆ ಅಂದುಕೊಂಡು ನಾನು ತಲೆಯಾಡಿಸುತ್ತಿದ್ದೆ.

ಹೋದ ಭಾನುವಾರ, ನಮ್ಮ ಮಕ್ಕಳಿಗೆಲ್ಲ ಹಾಡು ಕಲಿಸಿದ ಟೀಚರಮ್ಮನನ್ನು ಗಾಲಿಕುರ್ಚಿಸಮೇತ ಎತ್ತಿ ಹತ್ತಿಸುತ್ತಿದ್ದರು. ನಾನೂ ಒಂದು ಕಡೆ ಹಿಡಿದೆ. ಕುರ್ಚಿ ವಾಲಿತು. ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, "ನಿಮಗೆಲ್ಲ ತೊಂದ್ರೆ ಕಣಪ್ಪ, ಇನ್ಮೇಲೆ ಮನೇಲೇ ಪ್ರಾರ್ಥನೆ ಮಾಡ್ಕೋತೀನಿ" ಅಂದರು. ಅವತ್ತು ನಾನು ಹಾಡಿನ ಪುಸ್ತಕ ತೆರೆಯಲೇ ಇಲ್ಲ.

ನಿನ್ನೆ ಬೆಳಿಗ್ಗೆ ಸುತ್ತಿಗೆ, ಉಳಿ ಹಿಡಿದು ಹೋದೆ. ಅಪ್ಪನ ಗಾರೆ ಎಷ್ಟು ಗಟ್ಟಿ ಗೊತ್ತೇ! ಮೂರನೆಯ ಕಲ್ಲಿಗೆ ಬೆವರು ಕಿತ್ತುಕೊಂಡು ಬಂತು. ತಲೆಯೆತ್ತಿದರೆ ಕರೆಂಟಣ್ಣ! ಕಲ್ಲಿನ ಇನ್ನೊಂದು ತುದಿ ಎತ್ತಿದ. ನಾನೇ ಬಾಯಿಬಿಟ್ಟೆ: "ತಪ್ಪಾಯ್ತು ಕಣೋ. ಹಾಗೆ ಅನ್ನಬಾರ್ದಿತ್ತು." ಅವನು, "ನಾನೂ ಸತ್ತವ್ರನ್ನ ಮಾತಿಗೆ ಎಳೀಬಾರ್ದಿತ್ತು. ಮೊದ್ಲು ಇದನ್ನ ಇಳಿಸು ಮಾರಾಯ, ಸೊಂಟ ಹೋಗ್ತಿದೆ!" ಅಂದ. ನಗು ತಡೆಯಲಾಗದೆ ಇಬ್ಬರೂ ಕಲ್ಲು ಕೈಬಿಟ್ಟೆವು. ಎಷ್ಟು ದಿನವಾಗಿತ್ತು ಹಾಗೆ ನಕ್ಕು!

ಕಾಂಕ್ರೀಟು ಹಾಕಿದ್ದೇವೆ, ಒಂದು ವಾರ ನೀರು ಕುಡಿಸಬೇಕು. ಇವತ್ತು ನಾವು ಕರೆತಂದು ತೋರಿಸಿದಾಗ ಟೀಚರಮ್ಮ ನೋಡಿ, "ಅಳತೆ ಸರಿಯಾಗಿದ್ಯೇನಪ್ಪ? ಕುರ್ಚಿ ಉರುಳ್ಕೊಂಡು ರಸ್ತೆಗೆ ಹೋದೀತು" ಅಂದರು. ಕಣ್ಣು ಮಾತ್ರ ಒರೆಸಿಕೊಳ್ಳುತ್ತಿದ್ದರು.

ಮಗಳಿಗೂ ಅಳಿಯನಿಗೂ ದೇವರು ಒಳ್ಳೆಯದು ಮಾಡಲಿ. ಕೂಸಿಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ
ಮೊಂಡ ಮೇಸ್ತ್ರಿ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ: ಆ ಮೀಟಿಂಗಿನಲ್ಲಿ ಇಳಿಜಾರು ಬೇಕೆಂದು ನೀನೂ ಕೈಯೆತ್ತಿದ್ದೆ. ಅದೇ ಸಿಟ್ಟಿಗೆ ನೀನು ಹೊರಟ ದಿನ ನಾನು ಬಸ್ಸಿನ ತನಕವೂ ಬರಲಿಲ್ಲ. ಪೆಟ್ಟಿಗೆ ನೀನೊಬ್ಬಳೇ ಹೊತ್ತೆ. ಕ್ಷಮಿಸು. ಬರುವ ದಿನ ತಿಳಿಸು. ಬಸ್ಸಿಗಿಂತ ಮುಂಚೆ ಬಂದು ನಿಂತಿರುತ್ತೇನೆ.