ಮನೆಯವರ ಓಟು

ಅನಂತಪುರ, ತಾ. ಅಥಣಿ
೧೮ ನವೆಂಬರ್ ೧೯೯೩

ಸಮುದ್ರದಾಚೆ ಕುಳಿತು ದೇಶದ ಚಿಂತೆ ಮಾಡುತ್ತಿರುವ ನಮ್ಮ ಮನೆಯವರಿಗೆ, ಇಲ್ಲಿ ಮನೆಯ ಚಿಂತೆ ಮಾಡುತ್ತಿರುವ ಕಸ್ತೂರಿಯ ನಮಸ್ಕಾರಗಳು.

ಎಲ್ಲರೂ ಆರಾಮ ಇದ್ದೇವೆ. ಅತ್ತೆಯವರ ಮಂಡಿನೋವು ಇದ್ದಷ್ಟೇ ಇದೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ ಮುಗಿಯಿತು. ಕತ್ತರಿಸಿದ ಕಡ್ಡಿಗಳಿಗೆ ಔಷಧಿ ಹಚ್ಚಲು ಹೆಣ್ಣಾಳುಗಳು ಕಡಿಮೆ ಬಿದ್ದದ್ದರಿಂದ ನಾನೇ ಸಾಲಿಗೆ ನಿಂತೆ, ಬೆರಳುಗಳು ಇನ್ನೂ ಉರಿಯುತ್ತಿವೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ ಎಂದು ತಿಳಿಯಿರಿ, ಸಿಟ್ಟಿಗೆ ಎಂದಲ್ಲ. ನನಗೆ ಯಾವ ಸಿಟ್ಟೂ ಇಲ್ಲ.

ನೀವು ಕಳಿಸಿದ ಕ್ಯಾಸೆಟ್ ಮುಟ್ಟಿತು. ಪಡಸಾಲೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಎಲ್ಲರೂ ಕೂತು ಕೇಳಿದೆವು. ಅತ್ತೆ ಇದ್ದರು, ಓಣಿಯ ಹೆಂಗಸರಿದ್ದರು, ಗಂಡನನ್ನು ದುಬೈಗೆ ಕಳಿಸಿ ಕೂತಿರುವ ನನ್ನ ಗೆಳತಿ ಸರ್ವರಬಿಯೂ ಬಂದಿದ್ದಳು. ಮಸ್ಕತ್ತಿನ ನಿಮ್ಮ ಗೆಳೆಯರ ಮನೆಯಲ್ಲಿ ನಿಂತು ನೀವು, "ನಾವು ಕಳಿಸೋ ರೊಕ್ಕ ದೇಶಕ್ಕ ಬೇಕು, ನಮ್ಮ ಓಟು ಯಾಕ ಬ್ಯಾಡ?" ಎಂದು ಕೇಳಿದಾಗ ಅತ್ತೆಯವರ ಕಣ್ಣು ತುಂಬಿ ಬಂತು. ನನಗೂ ಹೆಮ್ಮೆಯಾಯಿತು. ಪರದೇಶದಲ್ಲಿ ದುಡಿಯುವವರೂ ಈ ದೇಶದವರೇ, ಅವರಿಗೂ ಓಟು ಇರಬೇಕು ಎಂಬ ನಿಮ್ಮ ಮಾತು ನ್ಯಾಯವಾದದ್ದು. ಅಷ್ಟು ನ್ಯಾಯವಾಗಿರದಿದ್ದರೆ ನನಗೆ ಜಗಳ ತೆಗೆಯಲು ಸುಲಭವಾಗುತ್ತಿತ್ತು.

ಆಮೇಲೆ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಒಂದು ಹೆಣ್ಣಿನ ದನಿ, "ಬಾಬಾಸಾಹೇಬ, ಮೊದಲ ನೀರ ಕುಡೀರಿ, ಗಂಟಲ ಕಟ್ಟೈತಿ" ಎಂದಿತು.

"ಯಾರವಾ ಅಕಿ?" ಎಂದು ಅತ್ತೆ ಕೇಳಿದರು. ಮಿರಜದ ಕಡೆಯ ನರ್ಸಮ್ಮ, ಸುಶೀಲಾ ಸಿಸ್ಟರ್ ಎಂದು, ನಿಮ್ಮ ಮಗನ ಓಟಿನ ಕಮಿಟಿಯಲ್ಲಿದ್ದಾರೆ ಎಂದೆ. ನನಗೆ ಗೊತ್ತಿಲ್ಲದೆ ಏನು, ನಿಮ್ಮ ಪತ್ರದ ತುಂಬ ಅವರೇ. ಸಿಸ್ಟರ್ ಅರ್ಜಿ ಟೈಪ್ ಮಾಡಿದರು, ಸಿಸ್ಟರ್ ಹಾಸ್ಟೆಲ್ಲಿನ ಹುಡುಗಿಯರಿಂದೆಲ್ಲ ಸಹಿ ತಂದರು, ಸಿಸ್ಟರ್ ಮಾತಾಡುವ ಇಂಗ್ಲಿಷ್ ಕೇಳಬೇಕು ನೀನು. ಕಳೆದ ಸಲ ದ್ರಾಕ್ಷಿಗೆ ಒಂದು ಸಾಲು ಕೊಟ್ಟಿರಿ, ಸಿಸ್ಟರಿಗೆ ಒಂದು ಪುಟ. ಕಳಿಸಿದ ಫೋಟೋದಲ್ಲಿ ಬ್ಯಾನರಿನ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ನಮ್ಮ ಮದುವೆಯಲ್ಲಿ ಅಂತರಪಟ ಸರಿಸಿದಾಗಲೂ ನೀವು ಹಾಗೆ ನಕ್ಕಿರಲಿಲ್ಲ.

ಅಂದ ಹಾಗೆ ಆ ಕ್ಯಾಸೆಟ್ ಇನ್ನು ಕೇಳುವ ಹಾಗಿಲ್ಲ. ರೀಲು ಸಿಕ್ಕಿಕೊಂಡು ಹರಿಯಿತು. ಮಷೀನು ಹಳೆಯದು. ಒಂದೇ ಜಾಗವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಹೊಸ ಮಷೀನೂ ತಡೆಯುವುದಿಲ್ಲ ಎಂದು ರಿಪೇರಿಯವನು ಅಂದ.

ನೀವು ನಗುತ್ತೀರಿ, ಹೆಸರು ಕರೆದರೆ ಏನಾಯಿತು ಎನ್ನುತ್ತೀರಿ. ನಾನು ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ ಹೊಸ್ತಿಲಲ್ಲಿ, ಅದೂ ಒಡಪಿನ ಪದ್ಯದೊಳಗೆ ಅಡಗಿಸಿ. ಪಾಕೀಟಿನ ಮೇಲೆ ಬರೆಯುತ್ತೇನೆ, ಅದಕ್ಕೆ ಅಡ್ಡಿಯಿಲ್ಲ. ಬಾಯಿಂದ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದಾಗಲೂ ಪಕ್ಕದವರ ಮುಖ ನೋಡಿ ನಿಂತವಳು ನಾನು. ನಾನು ಇಷ್ಟು ವರ್ಷ ಬಾಯಲ್ಲಿ ಜೋಪಾನ ಮಾಡಿದ್ದನ್ನು ಆ ಹೆಂಗಸು ನೀರಿನ ಲೋಟದ ಜೊತೆ ಎತ್ತಿ ಕೊಟ್ಟುಬಿಟ್ಟರಲ್ಲ. ಹೊಟ್ಟೆ ಉರಿಯಿತು. ಹೌದು, ಉರಿಯಿತು.

ಇನ್ನು ನಿಮ್ಮ ಅರ್ಜಿಗೆ ಸಹಿ ಹಾಕಿಸುವ ವಿಷಯ. ನೀವು ಹೇಳಿದಂತೆ, ಹೊರದೇಶದಲ್ಲಿ ದುಡಿಯುವವರ ಮನೆಗಳಿಗೆ ಸರ್ವರಬಿಯನ್ನು ಕರೆದುಕೊಂಡು ಹೋದೆ. ಅಪ್ಪಂದಿರು, ಅಣ್ಣತಮ್ಮಂದಿರು ಸಹಿ ಹಾಕಿದರು. ಹೆಂಡಂದಿರು ಹಾಕಲಿಲ್ಲ. ಸರ್ವರಬಿಯೇ ಪೆನ್ನು ಕೆಳಗಿಟ್ಟು, "ಓಟು ಅಲ್ಲೇ ಸಿಕ್ತಂದ್ರ ಇವ್ರು ಊರಿಗೆ ಬರೂದ ಬಿಡ್ತಾರ ಬೇ" ಎಂದಳು. ಹಿಂದಿನ ಇಲೆಕ್ಷನ್ನಿಗೆ ನಿಮ್ಮ ಕಾಕಾ ನಿಂತಿದ್ದರೆಂದು ನೀವು ರಜೆ ಹಾಕಿ ಬಂದದ್ದು ನೆನಪಾಯಿತು. ಹಬ್ಬಕ್ಕೆ ಬಾರದವರು, ನನ್ನ ತವರಿನ ಮದುವೆಗೆ ಬಾರದವರು, ಓಟಿಗೆ ಬಂದಿರಿ. ಬೆರಳಿಗೆ ಮಸಿ ಹಚ್ಚಿಕೊಂಡು ಬಂದು ಅದೇ ಕೈಯಿಂದ ನನ್ನ ಗಲ್ಲ ಹಿಂಡಿದಿರಿ. ನಾನೂ ಸಹಿ ಹಾಕಿಲ್ಲ. ಕಾಗದ ಇದರ ಜೊತೆ ಇಟ್ಟಿದ್ದೇನೆ, ಹುಡುಕಿ ನೋಡಿ, ನನ್ನ ಹೆಸರು ಸಿಗುವುದಿಲ್ಲ.

ಅದರ ಮರುದಿನವೇ ನಿಮ್ಮ ಪತ್ರ ಬಂತು. ಡಿಸೆಂಬರಿನಲ್ಲಿ ರಜೆ ಸಿಕ್ಕಿದೆ ಎಂದು ಓದಿ ಅತ್ತೆಯವರಿಗೆ ಕೂಗಿ ಹೇಳಿದೆ. ಕೆಳಗಿನ ಸಾಲು ಓದಿದ ಮೇಲೆ ಕೂಗಿದ್ದಕ್ಕೆ ನಾಚಿಕೆಯಾಯಿತು. ಕಮಿಟಿಯ ಜೊತೆ ದಿಲ್ಲಿಗೆ ಹೋಗಿ, ಅರ್ಜಿ ಕೊಟ್ಟು, ಹಾಗೇ ಮಸ್ಕತ್ತಿಗೆ ಮರಳುತ್ತೀರಂತೆ. ಸಿಸ್ಟರ್ ಕೂಡ ಬರುತ್ತಾರಂತೆ. ದಿಲ್ಲಿಯ ಚಳಿಗೆ ಬೇಕೆಂದು ನಿಮ್ಮ ಉಣ್ಣೆಯ ಸ್ವೆಟರ್ ಕಳಿಸಲು ನನಗೆ ಬರೆದಿದ್ದೀರಿ! ಸ್ವೆಟರನ್ನು ಇಲಿ ಕಡಿದಿದೆ.

ಆ ಪತ್ರ ಇನ್ನೂ ನನ್ನ ಸೊಂಟದಲ್ಲಿ ಸಿಕ್ಕಿಸಿದ ಹಾಗೇ ಇತ್ತು, ಅಷ್ಟರಲ್ಲಿ ಓಟಿನ ಪಟ್ಟಿ ತಿದ್ದುವ ಮಾಸ್ತರರು ಬಂದರು. ರಾಯಬಾಗದ ಕಡೆಯವರು, ಪಾಪದ ಮನುಷ್ಯ. ಕಟ್ಟೆಯ ಮೇಲೆ ಕೂತು ಮನೆಯ ಯಜಮಾನರ ಹೆಸರು ಕೇಳಿದರು. ರೂಢಿಯಂತೆ ಹೇಳಲು ಅತ್ತೆ ಬಾಯಿ ತೆರೆದರು. ಅವರಿಗಿಂತ ಮೊದಲು ನಾನೇ "ಬಾಬಾಸಾಹೇಬ" ಎಂದೆ. ಒಡಪಿಲ್ಲ, ಏನಿಲ್ಲ, ಬರೀ ಹೆಸರು. ಅತ್ತೆಯವರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ದಾರಿಯಲ್ಲಿ ಹೋಗುವವರೂ ತಿರುಗಿ ನೋಡಿದರು. ಹೇಳಲು ಎಷ್ಟು ಚೆಂದವಿದೆ ನಿಮ್ಮ ಹೆಸರು, ಮೊದಲೇ ಯಾಕೆ ಹೇಳಲಿಲ್ಲವೋ ಎನಿಸಿತು.

"ಇಲ್ಲೇ ಇರ್ತಾರೇನ್ರಿ? ಊರಾಗ ವಾಸ ಇಲ್ಲದವರ ಹೆಸರ ಇಡಾಕ ಬರಂಗಿಲ್ರಿ" ಎಂದರು ಮಾಸ್ತರರು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಓಣಿಯವರೆಲ್ಲ ಹಾಗೇ ಅಂದಿದ್ದಾರೆ, ಸರ್ವರಬಿಯೂ ಅಂದಿದ್ದಾಳೆ. ಅತ್ತೆ ನನ್ನ ಸೆರಗು ಜಗ್ಗಿದರು. ನಾನು ಮಾತ್ರ, "ಇಲ್ರಿ, ಅವರು ಮಸ್ಕತ್ತಿನ್ಯಾಗ ಇರ್ತಾರ" ಎಂದೆ. ಮಾಸ್ತರರು ನಿಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಊರಿಗೆಲ್ಲ ಓಟು ಕೇಳಲು ಹೊರಟವರ ಓಟನ್ನು ನಾನು ಕಟ್ಟೆಯ ಮೇಲೆ ನಿಂತು ತೆಗೆಸಿದೆ. ನಿಜ ಹೇಳಿದೆ ಎಂದು ಅತ್ತೆಯವರ ಮುಂದೆ ವಾದ ಮಾಡಿದ್ದೇನೆ. ನಿಮ್ಮ ಮುಂದೆ ಮಾಡುವುದಿಲ್ಲ. ನಿಜಕ್ಕಾಗಿ ಹೇಳಲಿಲ್ಲ, ಉರಿಗೆ ಹೇಳಿದೆ.

ಅತ್ತೆ ನನ್ನ ಕೈಯ ನೀರು ಕೂಡ ಕುಡಿಯುತ್ತಿಲ್ಲ. ಸಂಜೆ ಮಾಸ್ತರರ ಹಿಂದೆ ಓಡಿ ಹೋಗಿ ಕೇಳಿದೆ. ತಾನು ಇಲ್ಲಿಯವನೇ ಎಂದು ಆ ಆಸಾಮಿ ಸ್ವತಃ ಬಂದು ಅಥಣಿಯ ಕಚೇರಿಯಲ್ಲಿ ಹೇಳಿದರೆ ಹೆಸರು ಮತ್ತೆ ಸೇರುತ್ತದಂತೆ, ಹೆಂಡತಿ ಹೇಳಿದರೆ ಸಾಲದಂತೆ. ಈಗ ನೀವೇ ವಿಚಾರ ಮಾಡಿ. ದಿಲ್ಲಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಥಣಿಗೆ ಬಂದು, ನೀವು ಎಲ್ಲಿಯವರು ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ಆಮೇಲೆ ಹೋಗಿ. ಗಂಟಲಿಗೆ ಬಿಸಿನೀರು ಕುಡಿಯುತ್ತಾ ಇರಿ. ಇದನ್ನು ನಾನು ಹೇಳಬೇಕಿತ್ತು.

ನಿಮ್ಮ ದಾರಿ ನೋಡುವ,
ಕಸ್ತೂರಿ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಬರುವ ತಿಂಗಳ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿನ ಸೀಟು ಹೆಂಗಸರಿಗೆ ಬಿಟ್ಟಿದ್ದಾರೆ. "ಮಾಸ್ತರ ಮುಂದ ಗಂಡನ ಹೆಸರ ಹೇಳಿದಾಕಿ ಪಂಚಾಯ್ತ್ಯಾಗ ಏನ ಬೇಕಾದ್ರೂ ಹೇಳ್ತಾಳ" ಎಂದು ಸರ್ವರಬಿ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಳು. ನಾನು ಹೂಂ ಎಂದಿದ್ದೇನೆ. ಓಟಿನ ಚೀಟಿಯ ಮೇಲೆ ಹೆಸರು ಪೂರ್ತಿಯಾಗಿ ಬರುತ್ತದಂತೆ: ಕಸ್ತೂರೆವ್ವ ಬಾಬಾಸಾಹೇಬ ಮಗದುಮ್. ನಿಮ್ಮ ಹೆಸರಿನ ಪಕ್ಕ ಇಡೀ ವಾರ್ಡು ಶಿಕ್ಕಾ ಒತ್ತುತ್ತದೆ, ನೀವೊಬ್ಬರ ಹೊರತು.