ಮಂಗಳವಾರದ ನಾಲ್ಕು ಗಂಟೆ

ಜೂನ್ ೧೮, ಮಂಗಳವಾರ
ಸಂಜೆ ಐದೂಕಾಲು

ಸಿಟ್ಟು ಇನ್ನೂ ಇಳಿಯದ ನನ್ನ ಅಕ್ಕನಿಗೆ,

ನೀನು ಫೋನ್ ಎತ್ತುವುದಿಲ್ಲ. ಮೆಸೇಜ್ ಕಳಿಸೋಣವೆಂದರೆ ನಮ್ಮಿಬ್ಬರ ನಡುವೆ ಬೆಂಕಿ ಹತ್ತಿದ್ದೇ ಒಂದು ಮೆಸೇಜಿನಿಂದ. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಓದಿ ಹರಿ.

ಮುಂದಿನ ಕೋಣೆಯಲ್ಲಿ ನಿನ್ನ ಜಾಗಕ್ಕೆ ಯಾರನ್ನೂ ಇಟ್ಟುಕೊಂಡಿಲ್ಲ. ಗಂಟೆ ಬಾರಿಸಿದರೆ ನಾನೇ ಎದ್ದು ಹೋಗಿ ಬಾಗಿಲು ತೆಗೆಯುತ್ತೇನೆ. ನಿನ್ನ ಕನ್ನಡಕದ ಡಬ್ಬಿ ಮೇಜಿನ ಡ್ರಾಯರಿನಲ್ಲೇ ಇದೆ. ಕೌನ್ಸೆಲಿಂಗಿಗೆ ಬರುವವರು ನಿನ್ನನ್ನು ಕೇಳುತ್ತಾರೆ. ಒಬ್ಬರಂತೂ ನನ್ನ ಹತ್ತಿರ ಐವತ್ತು ನಿಮಿಷ ಮಾತಾಡುವುದಕ್ಕಿಂತ ಹೊರಗೆ ನಿನ್ನ ಜೊತೆ ಐದು ನಿಮಿಷ ಕೂತರೆ ಹಗುರ ಆಗುತ್ತಿತ್ತು ಅಂದುಬಿಟ್ಟರು. ನಕ್ಕೆ. ಆಮೇಲೆ ಒಳಗೆ ಬಂದು ಅತ್ತೆ.

ಇವತ್ತು ನಾಲ್ಕರಿಂದ ಐದರವರೆಗೆ ಖಾಲಿ ಕುರ್ಚಿಯ ಎದುರು ಕೂತಿದ್ದೆ. ಹದಿಮೂರನೇ ವಾರ. ಈ ಗಂಟೆಗೆ ಬರುತ್ತಿದ್ದ ನಮ್ಮ ಲಿಫ್ಟ್ ರಿಪೇರಿಯವರ ಹೆಂಡತಿ ಪ್ರತಿ ಸೋಮವಾರವೂ ತಪ್ಪಿದ ಭೇಟಿಯ ಫೀ ಕಳಿಸುತ್ತಲೇ ಇದ್ದಾರೆ. ಬೇಡ ಅಂತ ವಾಪಸ್ ಕಳಿಸಿದೆ, ಮತ್ತೆ ಕಳಿಸಿದರು. ಆ ಗಂಟೇನ ಮಾತ್ರ ಬೇರೆ ಯಾರಿಗೂ ಕೊಡಬೇಡಿ ಮೇಡಂ, ಬಂದಾಗ ಅವರಿಗೆ ಜಾಗ ಇಲ್ಲ ಅಂತ ಆಗಬಾರದು ಅಂತಾರೆ. ದುಡ್ಡು ಕೊಟ್ಟವರ ಗಂಟೆ ಅವರದ್ದು ಅನ್ನುವುದು ನಾನೇ ಮಾಡಿದ ನಿಯಮವಲ್ಲವೇ? ಹಾಗಾಗಿ ಕೂರುತ್ತೇನೆ. ಫೋನ್ ನೋಡುವುದಿಲ್ಲ, ಓದುವುದಿಲ್ಲ. ಅವರು ಸೀಟಿಗೆ ಗ್ರೀಸ್ ಹತ್ತೀತೆಂದು ಹಾಸಿಕೊಳ್ಳುತ್ತಿದ್ದ ಹಳೇ ಪೇಪರ್ ಕುರ್ಚಿಯ ಪಕ್ಕದಲ್ಲಿ ಮಡಿಸಿದಂತೆಯೇ ಇದೆ.

ಅವರು ಒಳಗೆ ಏನು ಹೇಳಿಕೊಳ್ಳುತ್ತಿದ್ದರೆಂದು ನಿನಗೂ ಬರೆಯುವ ಹಾಗಿಲ್ಲ. ಆದರೆ ಒಂದು ಮಾತನ್ನು ಹೊರಗೆ ನಿನ್ನ ಎದುರೇ ಆಡಿದ್ದರು, ನೆನಪಿದೆಯಾ? ವಾರಕ್ಕೆ ಈ ಒಂದು ಗಂಟೆ ಇದೆ ಅನ್ನೋ ಧೈರ್ಯದ ಮೇಲೆ ಉಳಿದ ದಿನಗಳನ್ನ ತಳ್ತೀನಮ್ಮ ಅಂತ. ನೀನು ಆವತ್ತು ಊಟ ಮಾಡಲಿಲ್ಲ.

ಜಗಳದ ದಿನ ನೀನು ಹೇಳಿದ್ದೆಲ್ಲ ಸರಿ ಅಕ್ಕಾ. ಆ ಮಂಗಳವಾರ ನೀನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಬುಧವಾರ ಬಂದು ಕೇಳಿದೆ, ಅವರು ಬರಲಿಲ್ಲ ಅಂದೆ ನಾನು. ಹತ್ತು ನಿಮಿಷ ಮುಂಚೆ ಬಂದು ಕೂರೋ ಮನುಷ್ಯ ಕಣೇ, ಏನೋ ಆಗಿರಬೇಕು, ಒಂದು ಫೋನ್ ಮಾಡೋಣ ಅಂದೆ ನೀನು. ನಾವು ಯಾರನ್ನೂ ಅಟ್ಟಿಸಿಕೊಂಡು ಹೋಗಬಾರದು, ಒಂದು ದಿನ ಮುಂಚೆ ತಿಳಿಸದಿದ್ದರೆ ಫೀ ಕೊಡಬೇಕು, ಎಲ್ಲರಿಗೂ ಕಳಿಸುವ ಮೆಸೇಜನ್ನೇ ಕಳಿಸು ಅಂತ ನಾನು ಹಟ ಹಿಡಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿನ್ನ ನಿಯಮಾನ ಉಪ್ಪಿನಕಾಯಿ ಹಾಕ್ಕೊ ಅಂತ ಬೈಯುತ್ತಲೇ ನೀನು ಕಳಿಸಿದೆ.

ಆ ಮೆಸೇಜ್ ಹೋಗಿದ್ದು ಅವರು ಮನೆಯಲ್ಲೇ ಮರೆತುಹೋಗಿದ್ದ ಫೋನಿಗೆ. ಗುರುವಾರ ಹೆಂಡತಿ ಅದನ್ನೇ ಹಿಡಿದುಕೊಂಡು ಬಂದರು, ಎರಡು ರಾತ್ರಿ ನಿದ್ದೆಯಿಲ್ಲದ ಮುಖದಲ್ಲಿ. ಮಂಗಳವಾರ ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಇಬ್ಬರು ಸಿಕ್ಕಿಹಾಕಿಕೊಂಡಿದ್ದರಂತೆ. ಅವರನ್ನು ಹೊರಗೆ ತೆಗೆಯುವಷ್ಟರಲ್ಲಿ ನಾಲ್ಕಾಗಿತ್ತಂತೆ. ಕೈ ಕೂಡ ಸರಿಯಾಗಿ ತೊಳೆಯದೆ ಇಲ್ಲಿಗೆ ಅಂತ ಓಡಿದವರು ಮನೆ ಸೇರಲಿಲ್ಲ. ಇಲ್ಲಿಗೆ ಬಂದಿದ್ರಾ ಅಂತ ಆಕೆ ಕೇಳಿದಾಗ ನೀನು ಭೇಟಿಯ ಪುಸ್ತಕ ತೆರೆದು ನೋಡಿ, ಇಲ್ಲಮ್ಮ ಅಂದೆ. ಪೊಲೀಸರೂ ಅದೇ ಪುಟದ ಫೋಟೋ ತೆಗೆದುಕೊಂಡರು. ಆ ಕಟ್ಟಡದಿಂದ ನಮ್ಮ ಬೀದಿ ತುದಿಯ ಬಸ್ ನಿಲ್ದಾಣದವರೆಗೆ ಎಲ್ಲ ಕಡೆ ಹುಡುಕಿದರು. ನೀನು ಆಕೆಯ ಕೈ ಹಿಡಿದು ಕೂತಿದ್ದಾಗ ನಾನು ಒಳಗೆ ಇನ್ನೊಬ್ಬರ ಸೆಷನ್ ಮುಗಿಸುತ್ತಿದ್ದೆ. ಬುಧವಾರವೇ ಫೋನ್ ಮಾಡಿದ್ದರೆ ಒಂದು ದಿನವಾದರೂ ಉಳಿಯುತ್ತಿತ್ತು ಅಂತ ನೀನು ಚೀಲ ತಗೊಂಡು ಹೊರಟೆ. ನಾನು ತಡೆಯಲಿಲ್ಲ.

ಊರಿಗೆಲ್ಲ ಮನಸ್ಸು ಬಿಚ್ಚಿ ಮಾತಾಡಿ ಅಂತ ಹೇಳುವವಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯನ್ನು ಕಿತ್ತೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಗೋಡೆಯ ಸುಣ್ಣ ಎದ್ದುಬಂತು ಅಷ್ಟೇ.

ಮುಂದಿನ ಮಂಗಳವಾರ ನಾಲ್ಕಕ್ಕೆ ಆಕೆ ತಾನೇ ಬಂದು ಆ ಕುರ್ಚಿಯಲ್ಲಿ ಕೂರುತ್ತಾರಂತೆ. ಅವರು ಕೂತ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಹೋಗ್ತೀನಿ ಅಂದರು. ನೀನು ಬಾ. ಕೆಲಸಕ್ಕಲ್ಲ, ನನಗಾಗಿಯೂ ಅಲ್ಲ. ಆಕೆಯ ಕೈ ಹಿಡಿದುಕೊಳ್ಳಲು ಯಾರಾದರೂ ಬೇಕು, ನನ್ನ ಕೈ ಅದಕ್ಕೆ ಲಾಯಕ್ಕಲ್ಲ.

ನಿನ್ನ
ಮೊಂಡಿ ತಂಗಿ

ಮರೆತದ್ದು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಆವತ್ತು ಅವರು ಬಂದಿದ್ದರು ಅಕ್ಕಾ. ನಾಲ್ಕೂ ಇಪ್ಪತ್ತೈದಕ್ಕೆ. ಇಪ್ಪತ್ತು ನಿಮಿಷ ಮೀರಿದರೆ ಬಾಗಿಲಿಲ್ಲ ಅನ್ನುವುದು ನನ್ನ ನಿಯಮ, ಆದರೆ ನಿಜ ಅದಲ್ಲ. ತಲೆ ನೋಯುತ್ತಿತ್ತು, ಕಾಲು ಚಾಚಿ ಕಾಫಿ ಕುಡಿಯುತ್ತಿದ್ದೆ, ಅವರು ಬರಲಿಲ್ಲವಲ್ಲ ಅಂತ ಹಾಯೆನಿಸಿತ್ತು. ಒಂದೇ ಸಲ ಗಂಟೆ ಒತ್ತಿದರು. ಪರದೆ ಸಂದಿಯಿಂದ ನೋಡಿದೆ, ಏಳಲಿಲ್ಲ. ಬೆರಳಿನ ಗ್ರೀಸ್ ಗುಂಡಿಗೆ ಹತ್ತಿತ್ತೆಂದು ಅಂಗಿಯ ತೋಳಿನಿಂದ ಒರೆಸಿ ಮೆಟ್ಟಿಲಿಳಿದರು. ನೀನು ಬೈಯುತ್ತೀಯೆಂದು ಬುಧವಾರ ಸುಳ್ಳು ಹೇಳಿದೆ. ಗುರುವಾರ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೆದರಿದೆ. ನಿನ್ನೆ ಪೊಲೀಸರಿಗೆ ಹೇಳಿ ಬಂದೆ. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಒಂದು ತಿಂಗಳಿನದ್ದಷ್ಟೇ ಉಳಿಯುತ್ತದಂತೆ. ಆಕೆಗೆ ಇನ್ನೂ ಹೇಳಿಲ್ಲ. ಬಸ್ ನಿಲ್ದಾಣ ಇರುವುದು ಬಲಕ್ಕೆ. ಎಲ್ಲರೂ ಹುಡುಕಿದ್ದು ಆ ಕಡೆ. ಅವರು ಮೆಟ್ಟಿಲಿಳಿದು ಎಡಕ್ಕೆ ಹೋದರು.